ಕೇಳುವ ಕೈ ಮೊದಲು ಕೊಡಬೇಕು



ನಿನ್ನೆ ಪ್ರವಚನ ಮುಗಿದ ಮೇಲೆ ಕಾಲೇಜಿಗೆ ಹೋಗುವ ಒಬ್ಬ ಹುಡುಗ ನಮ್ಮ ಬಳಿಗೆ ಬಂದ. ದಾಸೋಹದ ವಿಷಯವಾಗಿ ನಾವು ಆಡಿದ ಮಾತು ಅವನ ಮನಸ್ಸಿನಲ್ಲಿ ಸರಿಯಾಗಿ ಕುಳಿತಿರಲಿಲ್ಲ. ಹೊರದೇಶಗಳಲ್ಲಿ ಕೆಲವರು ರೋಗಿಗಳಿಗಾಗಿ, ಬಡವರಿಗಾಗಿ ಹಣ ಕೂಡಿಸಲು ದಿನದಿನವೂ ಮೈಲುಗಟ್ಟಲೆ ಓಡುತ್ತಾರೆಂದು ಅವನು ಎಲ್ಲಿಯೋ ಓದಿದ್ದ. ಅದನ್ನು ಹೇಳಿ ನಮ್ಮನ್ನು ಕೇಳಿದ: "ಅಪ್ಪಾರ, ಒಬ್ಬಾಂವ ಓಡಿದರ ಇನ್ನೊಬ್ಬನ ರೋಗ ಹೆಂಗ ವಾಸಿ ಆಗ್ತದ? ರೊಕ್ಕ ಬೇಕಾಗಿದ್ದರ ನೆಟ್ಟಗ ಕೇಳಬೇಕು. ಓಡೂದು ಯಾಕ?"

ಪ್ರಶ್ನೆ ಚಿಕ್ಕದು. ಆದರೆ ಅದು ರಾತ್ರಿಯೆಲ್ಲ ನಮ್ಮನ್ನು ಬಿಡಲಿಲ್ಲ. ಏಕೆಂದರೆ ಜೋಳಿಗೆ ಹಿಡಿದು ನಿಮ್ಮ ಮನೆಗಳ ಮುಂದೆ ನಿಂತವರು ನಾವು. ಕೇಳುವುದೇ ನಮ್ಮ ಕೆಲಸವಾಗಿ ಬಂದಿದೆ. ಕೇಳುವವನಿಗೆ ಕೇಳುವ ಅಧಿಕಾರ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ಆ ಹುಡುಗ ತನಗರಿವಿಲ್ಲದೆ ನಮಗೇ ಹಾಕಿದ್ದ. ಆದುದರಿಂದ ಇಂದು ಅದನ್ನೇ ವಿಚಾರ ಮಾಡೋಣ.

ಮೊದಲು ಒಬ್ಬ ತರುಣನ ಕಥೆ ಕೇಳಿರಿ. ಇದು ಪುರಾಣದ ಕಥೆಯಲ್ಲ, ನಡೆದ ಸಂಗತಿ. ಕೆನಡಾ ಎಂಬ ದೇಶವಿದೆ. ಒಂದು ಮಗ್ಗುಲಿಗೆ ಅಟ್ಲಾಂಟಿಕ್ ಸಮುದ್ರ, ಇನ್ನೊಂದು ಮಗ್ಗುಲಿಗೆ ಪೆಸಿಫಿಕ್ ಸಮುದ್ರ. ನಡುವೆ ಸಾವಿರಾರು ಮೈಲು ನೆಲ, ಅರಣ್ಯ, ಕೆರೆ, ಹಿಮ. ಆ ದೇಶದಲ್ಲಿ 1958ರಲ್ಲಿ ಟೆರಿ ಫಾಕ್ಸ್ ಎಂಬ ಹುಡುಗ ಹುಟ್ಟಿದ. ಆಟದಲ್ಲಿ ಬಹಳ ಆಸೆಯುಳ್ಳವನು. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಮೊಳಕಾಲಿನಲ್ಲಿ ನೋವು ಕಾಣಿಸಿಕೊಂಡರೂ, ಆಟದ ಋತು ಮುಗಿಯಲಿ ಎಂದು ತಡೆದುಕೊಂಡ. ಕಡೆಗೆ 1977ರ ಮಾರ್ಚ್ ತಿಂಗಳಲ್ಲಿ ವೈದ್ಯರ ಬಳಿ ಹೋದಾಗ ಎಲುಬಿನ ಕ್ಯಾನ್ಸರ್ ಎಂದು ತಿಳಿಯಿತು. ಹದಿನೆಂಟು ವರ್ಷದ ಹುಡುಗನ ಬಲಗಾಲನ್ನು ಮೊಳಕಾಲಿನ ಮೇಲೆ ಕತ್ತರಿಸಿದರು.

ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ಅವನ ಕೈಗೆ ಒಂದು ಪತ್ರಿಕೆ ಬಂತು. ಒಂದೇ ಕಾಲಿನ ಡಿಕ್ ಟ್ರಾಮ್ ಎಂಬಾತ ನ್ಯೂಯಾರ್ಕಿನ ಮ್ಯಾರಥಾನ್ ಓಟವನ್ನು ಪೂರೈಸಿದ ವರ್ತಮಾನ ಅದರಲ್ಲಿತ್ತು. ನಾಳೆ ಕಾಲು ಹೋಗುವುದೆಂದು ತಿಳಿದ ಹುಡುಗ ಇಂದು ರಾತ್ರಿ ಓಡುವ ಕನಸು ಕಂಡ! ಮನುಷ್ಯನ ಮನಸ್ಸು ಎಂಥದು ನೋಡಿರಿ.

ಆದರೆ ಅವನನ್ನು ರಸ್ತೆಗೆ ಇಳಿಸಿದ್ದು ಆ ಕನಸೊಂದೇ ಅಲ್ಲ. ಮುಂದೆ ಹದಿನಾರು ತಿಂಗಳು ಅವನಿಗೆ ಔಷಧೋಪಚಾರ ನಡೆಯಿತು. ಆ ಆಸ್ಪತ್ರೆಯಲ್ಲಿ ಅವನು ತನ್ನ ನೋವಿಗಿಂತ ಹೆಚ್ಚಾಗಿ ಪಕ್ಕದ ಹಾಸಿಗೆಗಳ ನೋವನ್ನು ಕಂಡ. ತನ್ನಂಥ ತರುಣರು, ತನಗಿಂತ ಚಿಕ್ಕವರು ಸೊರಗುವುದನ್ನು, ಸಾಯುವುದನ್ನು ಕಂಡ. ಇನ್ನೊಂದು ಮಾತನ್ನೂ ಅವನು ತಿಳಿದುಕೊಂಡ. ಅವನಿಗೆ ಬದುಕುವ ಆಸೆ ನೂರಕ್ಕೆ ಐವತ್ತು ಇದೆಯೆಂದು ವೈದ್ಯರು ಹೇಳಿದ್ದರು. ಎರಡೇ ವರ್ಷ ಮೊದಲು ಇದೇ ರೋಗ ಬಂದಿದ್ದರೆ ನೂರಕ್ಕೆ ಹದಿನೈದು ಮಾತ್ರ ಇರುತ್ತಿತ್ತು. ನಡುವೆ ಏನಾಯಿತು? ಯಾರೋ ಸಂಶೋಧನೆ ಮಾಡಿದರು. ಆ ಸಂಶೋಧನೆಗೆ ಯಾರೋ ಹಣ ಕೊಟ್ಟರು. ಕೊಟ್ಟವರು ಇವನ ಮುಖ ಕಂಡವರಲ್ಲ, ಇವನ ಹೆಸರು ಕೇಳಿದವರಲ್ಲ. ಕಾಣದವರು ಕೊಟ್ಟದ್ದರಿಂದ ತನ್ನ ಉಸಿರು ನಡೆದಿದೆ ಎಂಬುದು ಅವನಿಗೆ ಹೊಳೆಯಿತು.

ಬಂಧುಗಳೇ, ಈ ಹೊಳಹೇ ಎಲ್ಲದರ ಮೂಲ. ನಾನು ತಿಂದ ಅನ್ನ ಯಾರದೋ, ನಾನು ಕಲಿತ ಅಕ್ಷರ ಯಾರದೋ, ನನ್ನನ್ನು ಉಳಿಸಿದ ಔಷಧ ಯಾರದೋ ಎಂದು ತಿಳಿದವನಿಗೆ ಸುಮ್ಮನೆ ಕೂಡಲು ಬರುವುದಿಲ್ಲ. ಅವನು ಸಾಲಗಾರ. ಆದರೆ ಸಾಲ ಕೊಟ್ಟವರ ವಿಳಾಸ ಅವನಿಗೆ ಗೊತ್ತಿಲ್ಲ. ಆಗ ಏನು ಮಾಡಬೇಕು? ಮುಂದೆ ಬರುವ, ತಾನು ಕಾಣದ ಜನಕ್ಕೆ ಅದನ್ನು ತೀರಿಸಬೇಕು. ಇದನ್ನೇ ನಾವು ದಾಸೋಹ ಎನ್ನುತ್ತೇವೆ. ದಾನ ಕೊಡುವವನು ನಾನು ಕೊಟ್ಟೆ ಎಂದು ತಿಳಿಯುತ್ತಾನೆ. ದಾಸೋಹ ಮಾಡುವವನು ನಾನು ತೀರಿಸುತ್ತಿದ್ದೇನೆ ಎಂದು ತಿಳಿಯುತ್ತಾನೆ. ಕೊಡುವ ಕೈ ಒಂದೇ, ಭಾವ ಬೇರೆ.

ಟೆರಿ ತನ್ನಲ್ಲಿ ಏನಿದೆ ಎಂದು ನೋಡಿಕೊಂಡ. ಧನವಿಲ್ಲ. ಅಧಿಕಾರವಿಲ್ಲ. ಇರುವುದು ಒಂದು ಕಾಲು, ಒಂದು ಕೃತಕ ಕಾಲು, ಹಟದ ಮನಸ್ಸು. ಇಷ್ಟನ್ನೇ ಕೊಡೋಣವೆಂದ. ದೇಶದ ಈ ಸಮುದ್ರದಿಂದ ಆ ಸಮುದ್ರದವರೆಗೆ ಓಡುತ್ತೇನೆ, ಜನರಿಂದ ಕ್ಯಾನ್ಸರ್ ಸಂಶೋಧನೆಗೆ ಹಣ ಕೇಳುತ್ತೇನೆ ಎಂದು ಸಂಕಲ್ಪ ಮಾಡಿದ.

ಸಂಕಲ್ಪ ಮಾಡುವುದು ಸುಲಭ. ನಾವೂ ನೀವೂ ಯುಗಾದಿಗೊಮ್ಮೆ ಮಾಡುತ್ತೇವೆ, ಎಂಟು ದಿನಕ್ಕೆ ಮರೆಯುತ್ತೇವೆ. ಆ ಹುಡುಗ ಹದಿನೈದು ತಿಂಗಳು ಅಭ್ಯಾಸ ಮಾಡಿದ. ಮೊದಮೊದಲು ಸ್ವಲ್ಪ ದೂರ, ಆಮೇಲೆ ದಿನಕ್ಕೆ 23 ಮೈಲು ಓಡುವ ತನಕ. 1979ರಲ್ಲಿ ಪ್ರಿನ್ಸ್ ಜಾರ್ಜ್ ಎಂಬ ಊರಿನ ಓಟದಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಬಂದು ಮುಟ್ಟಿದ. ಅಲ್ಲಿ ನೆರೆದವರು ಕಣ್ಣೀರಿಟ್ಟು ಚಪ್ಪಾಳೆ ತಟ್ಟಿದರು. ಅಭ್ಯಾಸಕ್ಕೆ ಅವನು ಬಿಡುವು ಕೊಟ್ಟದ್ದು ಒಂದು ಕ್ರಿಸ್ಮಸ್ ಹಬ್ಬದ ದಿನ ಮಾತ್ರ. ಅದೂ ಏಕೆ? ತಾಯಿ ಕೇಳಿಕೊಂಡಳೆಂದು.

1980ನೆಯ ಇಸವಿ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಪಟ್ಟಣದಲ್ಲಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದ ನೀರಿನಲ್ಲಿ ಅದ್ದಿ ಅವನು ಓಟ ಹೂಡಿದ. ದಿನಕ್ಕೆ ಸುಮಾರು 42 ಕಿಲೋಮೀಟರು. ನಿಮಗೆ ತಿಳಿಯುವಂತೆ ಹೇಳಬೇಕೆಂದರೆ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ತಿರುಗಿ ಹುಬ್ಬಳ್ಳಿಗೆ ಬಂದಷ್ಟು ದೂರ. ಒಂದು ದಿನವಲ್ಲ, ನಾಳೆ ಮತ್ತೆ, ನಾಡಿದ್ದು ಮತ್ತೆ. ಆಗಿನ ಕೃತಕ ಕಾಲು ಓಟಕ್ಕೆ ಮಾಡಿದ್ದಲ್ಲ. ಅದರ ಸ್ಪ್ರಿಂಗು ತಿರುಗಿ ತನ್ನ ಸ್ಥಿತಿಗೆ ಬರುವ ತನಕ ಒಳ್ಳೆಯ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಬೇಕು, ಆಮೇಲೆ ಕೃತಕ ಕಾಲು ಊರಬೇಕು. ಕಾಲಿನ ಮೋಟು ತುದಿ ಉಜ್ಜಿ ಗುಳ್ಳೆ ಏಳುತ್ತಿತ್ತು, ರಕ್ತ ಬರುತ್ತಿತ್ತು. ಗೆಳೆಯ ಡಗ್ ಆಲ್ವರ್ಡ್ ವ್ಯಾನು ನಡೆಸುತ್ತ ಜೊತೆಗೆ ಬಂದ. ಮುಂದೆ ತಮ್ಮ ಡ್ಯಾರೆಲ್ ಬಂದು ಕೂಡಿಕೊಂಡ. ಅಷ್ಟೇ ಅವನ ಪರಿವಾರ.

ಜನ ಮೊದಲಿಗೆ ಬರಲಿಲ್ಲ. ಹಿಮಗಾಳಿಯ ರಸ್ತೆಯಲ್ಲಿ ಒಬ್ಬನೇ ಓಡಿದ. ಆದರೆ ಪೋರ್ಟ್ ಓ ಬಾಸ್ಕ್ ಎಂಬ ಊರು ಬಂತು. ಸುಮಾರು 10,000 ಜನರ ಊರು. ಆ ಊರವರು 10,000 ಡಾಲರ್ ಕೂಡಿಸಿ ಕೊಟ್ಟರು. ತಲೆಗೆ ಒಂದು ಡಾಲರ್! ಮುಂದೆ ಅವನ ಗುರಿಯೂ ಅದೇ ಆಯಿತು. ಮೊದಲು ಹತ್ತು ಲಕ್ಷ ಡಾಲರ್ ಸಾಕೆಂದವನು, ಕಡೆಗೆ ದೇಶದ ಪ್ರತಿಯೊಬ್ಬರೂ ಒಂದೊಂದು ಡಾಲರ್ ಕೊಡಲಿ ಎಂದ. ಆಗ ಆ ದೇಶದ ಜನಸಂಖ್ಯೆ ಸುಮಾರು 2 ಕೋಟಿ 40 ಲಕ್ಷ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮದೇ ಒಂದು ಮಾತು ಹೇಳುತ್ತೇವೆ. ಇದು ನಮ್ಮ ತಪ್ಪಿನ ಕಥೆ.

ನಾವು ಈ ಪೀಠಕ್ಕೆ ಬಂದ ಹೊಸದರಲ್ಲಿ ಪ್ರಸಾದ ನಿಲಯದ ಕಣಜ ಬರಿದಾಗಿತ್ತು. ಸುಗ್ಗಿಯ ಕಾಲ. ಕಾಳು ಕೂಡಿಸಲು ಹೊರಟೆವು. ಭಕ್ತರೊಬ್ಬರು ತಮ್ಮ ಕಾರನ್ನು ಕೊಟ್ಟರು. ದಿನಕ್ಕೆ ನಾಲ್ಕು ಹಳ್ಳಿ, ಐದು ಹಳ್ಳಿ. ಊರಿನ ಗೌಡರ ಮನೆ, ಸಾಹುಕಾರರ ಮನೆ, ಪಾದಪೂಜೆ, ಎರಡು ಚೀಲ ಜೋಳ, ಮುಂದಿನ ಊರು. ಕೆಲಸ ಬೇಗ ಆಗುತ್ತಿದೆಯೆಂದು ನಮಗೆ ಸಂತೋಷವೇ ಆಗಿತ್ತು. ಒಂದು ಹಳ್ಳಿಯ ಹತ್ತಿರ ಹಳ್ಳದ ದಾರಿ ಕಿತ್ತುಹೋಗಿತ್ತು. ಕಾರು ದಾಟಲಿಲ್ಲ. ಆ ಕಡೆಯ ಊರುಗಳಿಗೆ ನಡೆದೇ ಹೋಗಬೇಕಾಯಿತು. ಬಿಸಿಲು, ಎರೆಮಣ್ಣಿನ ಧೂಳು. ಊರು ಮುಟ್ಟುವುದರೊಳಗೆ ನಮ್ಮ ಕಾಲು, ಕಾವಿ ಎಲ್ಲ ಮಣ್ಣಿನ ಬಣ್ಣ.

ಆ ಊರಿನಲ್ಲಿ ಒಬ್ಬ ಮುದುಕಿ ಒಂದು ಸೇರು ಜೋಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಜೋಳಿಗೆಗೆ ಸುರಿದಳು. ಹಿಂದಿನ ದಿನ, ಕಾರು ಹೋದ ಊರಿನಲ್ಲಿ, ಮಗಳ ಮನೆಯಲ್ಲಿ ಅವಳು ನಮ್ಮನ್ನು ನೋಡಿದ್ದಳಂತೆ. "ನಿನ್ನೆ ಯಾಕ ಕೊಡಲಿಲ್ಲವ್ವಾ?" ಎಂದು ನಗುತ್ತಲೇ ಕೇಳಿದೆವು. ಅವಳು ಅಂದಳು: "ಯಪ್ಪಾ, ಕಾರಿನಾಗ ಬಂದವರಿಗೆ ನನ್ನ ಒಂದು ಸೇರು ಎದಕ್ಕ ಬೇಕು ಅನಿಸ್ತು. ಇವತ್ತ ನಿನ್ನ ಕಾಲು ನೋಡಿದೆ. ಮಠದಾಗ ಹುಡುಗರು ಹಸದಾರ ಅಂತ ಖರೇ ಅನಿಸ್ತು."

ಆ ಮಾತು ನಮ್ಮ ಎದೆಗೆ ನಾಟಿತು. ಮರುದಿನ ಕಾರನ್ನು ಒಡೆಯರಿಗೆ ಮರಳಿ ಕಳುಹಿಸಿದೆವು. ಉಳಿದ ಊರುಗಳನ್ನು ನಡೆದು ಮುಗಿಸಿದೆವು. ಕಾಳು ಹೆಚ್ಚು ಬಂತೋ ಕಡಿಮೆ ಬಂತೋ ಅಳೆಯಲು ಹೋಗಲಿಲ್ಲ. ಆದರೆ ಮನೆಗಳು ಹೆಚ್ಚು ಬಂದವು. ಮೊದಲು ಊರಿಗೆ ಎರಡು ಮನೆ ಕೊಡುತ್ತಿದ್ದವು; ಆಮೇಲೆ ಊರೇ ಕೊಟ್ಟಿತು. ಬೊಗಸೆ ಕಾಳು ಕೊಟ್ಟವಳು ಕೂಡ ಮಠದ ಹುಡುಗರನ್ನು ತನ್ನ ಮಕ್ಕಳೆಂದಳು.

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಓಡಿದರೆ ರೋಗ ವಾಸಿಯಾಗುವುದಿಲ್ಲ, ನಿಜ. ನಡೆದರೆ ಹಸಿವು ಹೋಗುವುದಿಲ್ಲ. ಆದರೆ ಬರಿಯ ಬಾಯಿಂದ ಕೇಳಿದ ಮಾತು ಕಿವಿಯ ತನಕ ಹೋಗುತ್ತದೆ. ದೇಹವನ್ನು ದಂಡಿಸಿ ಕೇಳಿದ ಮಾತು ಕಣ್ಣಿಗೆ ಕಾಣುತ್ತದೆ. ಇವನು ತಾನು ಕೊಡಬಹುದಾದ್ದನ್ನೆಲ್ಲ ಕೊಟ್ಟು ಆಮೇಲೆ ಕೇಳುತ್ತಿದ್ದಾನೆ ಎಂದು ಜನಕ್ಕೆ ತಿಳಿಯುತ್ತದೆ. ಕೇಳುವ ಕೈ ಮೊದಲು ಕೊಡಬೇಕು. ಆಗ ಅದು ಯಾಚನೆಯಲ್ಲ, ಕರೆ. ನೀನು ಕೊಡು ಎನ್ನುವುದಿಲ್ಲ. ಬಾ, ಕೂಡಿ ಕೊಡೋಣ ಎನ್ನುತ್ತದೆ.

ದಿನವೂ ಏಕೆ ಓಡಬೇಕು, ಒಂದು ದಿನ ಓಡಿದರೆ ಸಾಲದೇ ಎಂದು ಕೇಳಬಹುದು. ಒಂದು ದಿನ ಮಾಡಿದ್ದು ಉತ್ಸವವಾಗುತ್ತದೆ. ದಿನವೂ ಮಾಡಿದ್ದು ಕಾಯಕವಾಗುತ್ತದೆ. ಉತ್ಸವಕ್ಕೆ ಉತ್ಸಾಹ ಸಾಕು, ಕಾಯಕಕ್ಕೆ ನಿಷ್ಠೆ ಬೇಕು. ರೋಗಿಗೆ ನೋವು ದಿನವೂ ಇರುತ್ತದೆ, ಹಸಿದವನಿಗೆ ಹಸಿವು ದಿನವೂ ಇರುತ್ತದೆ. ಅವರ ಸಲುವಾಗಿ ಎಂದು ಹೊರಟವನ ಶ್ರಮವೂ ದಿನವೂ ಇರಬೇಕು. ನಿನ್ನೆ ಓಡಿದ್ದು ನಿನ್ನೆಗೆ ಜಮೆ. ಇಂದಿನದು ಇಂದಿಗೆ ಆಗಬೇಕು.

ಇನ್ನು ಕಥೆಯ ಉಳಿದ ಭಾಗ. ಕ್ವಿಬೆಕ್ ಎಂಬ ಪ್ರಾಂತದಲ್ಲಿ ಫ್ರೆಂಚ್ ಭಾಷೆಯ ಜನ. ಇವನಿಗೆ ಆ ಭಾಷೆ ಬಾರದು. ಅಲ್ಲಿ ಇವನನ್ನು ಕೇಳಿದವರು ಕಡಿಮೆ. ಹಾಗೆಂದು ನಿಲ್ಲಲಿಲ್ಲ. ಒಂಟಾರಿಯೋ ಪ್ರಾಂತಕ್ಕೆ ಬಂದಾಗ ಗಾಳಿ ತಿರುಗಿತು. ಜುಲೈ 11ರಂದು ಟೊರಾಂಟೊ ನಗರದಲ್ಲಿ 10,000 ಜನ ನೆರೆದಿದ್ದರು. ಅದೊಂದೇ ದಿನ ಒಂದು ಲಕ್ಷ ಡಾಲರ್ ಕೂಡಿತು. ದೊಡ್ಡ ಹೋಟೆಲುಗಳ ಒಡೆಯರಾದ ಇಸಡೋರ್ ಶಾರ್ಪ್ ಅವರು ಮೈಲಿಗೆ ಎರಡು ಡಾಲರಿನಂತೆ ಕೊಡುವುದಾಗಿ ಮಾತು ಕೊಟ್ಟರು; ಇವರಿಗೆ ಈ ರೋಗದಿಂದಲೇ ತೀರಿದ ಒಬ್ಬ ಮಗನಿದ್ದ.

ಹೆಸರು ಬಂದಾಗ ಅದರ ಹಿಂದೆ ಲಾಭವೂ ಬರುತ್ತದೆ. ನಮ್ಮ ಸರಕನ್ನು ಹೊಗಳು ಎಂದ ಕಂಪನಿಗಳನ್ನು ಟೆರಿ ದೂರವಿಟ್ಟ. ಷರತ್ತು ಹಾಕಿ ಕೊಟ್ಟ ಹಣವನ್ನು ಒಲ್ಲೆನೆಂದ. ಬೂಟು ಕೊಟ್ಟರೆ ತೊಟ್ಟ, ವ್ಯಾನು ಕೊಟ್ಟರೆ ಹತ್ತಿದ, ಇಂಧನ ಕೊಟ್ಟರೆ ಹಾಕಿಸಿಕೊಂಡ. ಏಕೆಂದರೆ ಅವು ಕೆಲಸಕ್ಕೆ ಬೇಕು. ಆದರೆ ಈ ಓಟದಿಂದ ಯಾರಿಗೂ ಲಾಭವಾಗಕೂಡದು, ತನಗೂ ಕೂಡದು ಎಂಬುದು ಅವನ ಕಟ್ಟಪ್ಪಣೆ.

ಇದನ್ನು ಕೇಳಿದಾಗ ನಮಗೆ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ನೆನಪು ಬರುತ್ತದೆ. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೇಕೆ ತಂದೆ, ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು. ತಾನು ತಿನ್ನಲೆಂದಲ್ಲ, ದಾಸೋಹಕ್ಕೆಂದೇ ತಂದ ಅಕ್ಕಿ ಅದು, ಆದರೂ ಒಲ್ಲೆನೆಂದಳು. ಕೂಡಿಸುವ ಕೆಲಸದಲ್ಲಿ ಆಸೆ ಎಲ್ಲಿ ನುಸುಳುತ್ತದೆಂಬುದು ಆ ತಾಯಿಗೆ ಗೊತ್ತಿತ್ತು. ಧರ್ಮದ ಹೆಸರಿನಲ್ಲಿ ಹಣ ಕೂಡಿಸುವವರೆಲ್ಲರೂ, ಮಠದವರಾದ ನಾವು ಮೊದಲು, ಮನೆಬಾಗಿಲಿಗೆ ಬರೆದು ಹಚ್ಚಬೇಕಾದ ನಡೆ ಅದು. ಕೊಟ್ಟವನ ಒಂದು ಸೇರು ಎಲ್ಲಿಗೆ ಹೋಯಿತೆಂದು ಕೇಳಿದರೆ ಕಣಜ ತೆರೆದು ತೋರಿಸುವಂತಿರಬೇಕು.

ಸೆಪ್ಟೆಂಬರ್ 1ನೆಯ ತಾರೀಖು, ಥಂಡರ್ ಬೇ ಎಂಬ ಊರಿನ ಹತ್ತಿರ, ಟೆರಿಗೆ ಬಲವಾದ ಕೆಮ್ಮು ಬಂತು. ಎದೆಯಲ್ಲಿ ನೋವು. ರಸ್ತೆಯ ಎರಡೂ ಕಡೆ ಜನ ಕೂಗಿ ಹುರಿದುಂಬಿಸುತ್ತಿದ್ದರು. ಮತ್ತೆ ಓಡಿದ. ಕೆಲವು ಮೈಲು ಹೋದ ಮೇಲೆ ಉಸಿರು ಸಾಲದೆ, ಆಸ್ಪತ್ರೆಗೆ ಕರೆದುಕೊಂಡು ಹೋಗೆಂದು ಗೆಳೆಯನಿಗೆ ಹೇಳಿದ. ಕ್ಯಾನ್ಸರ್ ಪುಪ್ಪುಸಕ್ಕೆ ಹರಡಿತ್ತು. 143 ದಿನ, 5,373 ಕಿಲೋಮೀಟರು. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಇರುವ ದಾರಿಗಿಂತಲೂ ಉದ್ದವಾಯಿತು ಅವನ ಓಟ. ಆದರೆ ಆ ಸಮುದ್ರ ಮುಟ್ಟಲಿಲ್ಲ. ಆ ತನಕ ಕೂಡಿದ್ದು 17 ಲಕ್ಷ ಡಾಲರ್. 1981ನೆಯ ಜೂನ್ 28ರಂದು, ಇಪ್ಪತ್ತಮೂರು ವರ್ಷ ತುಂಬಲು ಒಂದು ತಿಂಗಳಿರುವಾಗ, ಅವನು ತೀರಿಕೊಂಡ.

ಹಾಗಾದರೆ ಸೋತನೇ? ಅವನು ನಿಂತ ಮೇಲೆ ನಡೆದದ್ದನ್ನು ಕೇಳಿರಿ. 1981ರ ಫೆಬ್ರವರಿ 1ರ ಹೊತ್ತಿಗೆ, ಅವನು ಇನ್ನೂ ಬದುಕಿರುವಾಗಲೇ, ಕೂಡಿದ ಹಣ 2 ಕೋಟಿ 41 ಲಕ್ಷ ಡಾಲರ್ ದಾಟಿತು. ತಲೆಗೊಂದು ಡಾಲರ್ ಎಂದಿದ್ದನಲ್ಲ, ಅದು ತುಂಬಿತು. ಅದೇ ವರ್ಷ ಸೆಪ್ಟೆಂಬರ್ 13ರಂದು ಅವನ ಹೆಸರಿನಲ್ಲಿ ಮೊದಲನೆಯ ಓಟ ನಡೆಯಿತು; ಮೂರು ಲಕ್ಷ ಜನ ಸೇರಿದರು. ಅಂದಿನಿಂದ ವರ್ಷವರ್ಷವೂ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ನಮ್ಮ ದೇಶದ ಮುಂಬಯಿಯಲ್ಲಿಯೂ ನಡೆದಿದೆ. ಅದರಲ್ಲಿ ಗೆದ್ದವರಿಲ್ಲ, ಬಹುಮಾನವಿಲ್ಲ. ಓಡಬಲ್ಲವನು ಓಡುತ್ತಾನೆ, ಮುದುಕ ನಡೆಯುತ್ತಾನೆ, ಕಾಲಿಲ್ಲದವನು ಗಾಲಿಕುರ್ಚಿಯಲ್ಲಿ ಬರುತ್ತಾನೆ. ಇಂದಿಗೆ ಅವನ ಹೆಸರಿನಲ್ಲಿ ಕೂಡಿದ್ದು 90 ಕೋಟಿ ಡಾಲರಿಗೂ ಹೆಚ್ಚು. ಇಂಥ ಹಣದಿಂದ, ಇಂಥ ಶ್ರಮದಿಂದ ವೈದ್ಯಶಾಸ್ತ್ರ ಮುಂದೆ ಹೋಯಿತು. ಅವನಿಗೆ ಬಂದ ಎಲುಬಿನ ರೋಗ ಬೇರೆಡೆ ಹರಡುವ ಮೊದಲೇ ಗೊತ್ತಾದರೆ, ಒಳ್ಳೆಯ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ ಅರವತ್ತು ಎಪ್ಪತ್ತು ಜನ ಇಂದು ಬದುಕುತ್ತಾರೆ. ಹೆಚ್ಚಿನವರ ಕಾಲನ್ನು ಕತ್ತರಿಸುವ ಕಾರಣವೂ ಬೀಳುವುದಿಲ್ಲ.

ಬೇರೆಯವರು ಬಂದು, ನಿನ್ನ ಓಟವನ್ನು ನಾವು ಮುಗಿಸುತ್ತೇವೆ ಎಂದಾಗ ಟೆರಿ ಒಪ್ಪಲಿಲ್ಲ. ವಾಸಿಯಾದರೆ ತಾನೇ ಮುಗಿಸುತ್ತೇನೆಂಬ ಆಸೆ ಆ ಹುಡುಗನಿಗಿತ್ತು. ಅದು ಸಹಜ. ಓಟ ಅವನದು, ಅದು ರಸ್ತೆಯ ನಡುವೆ ನಿಂತಿತು. ಆದರೆ ಕೊಡುವ ಕೆಲಸವನ್ನು ಅವನು ತನ್ನದೆಂದು ಇಟ್ಟುಕೊಂಡಿರಲಿಲ್ಲ. ಮೊದಲ ದಿನದಿಂದಲೇ ಎಲ್ಲರದೂ ಮಾಡಿದ್ದ. ಆದುದರಿಂದ ಅದು ನಿಲ್ಲಲಿಲ್ಲ. ಒಬ್ಬ ಶ್ರೀಮಂತ ಕೊಟ್ಟ ಕೋಟಿ ಅವನೊಂದಿಗೆ ಮುಗಿಯಬಹುದು. ಕೋಟಿ ಜನ ಕೊಟ್ಟ ಒಂದೊಂದು ಮುಗಿಯುವುದಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ತರುಣರು ಇದನ್ನು ಕೇಳಿ ನಾಳೆಯೇ ಊಟ ನಿದ್ದೆ ಬಿಟ್ಟು ಓಡಲು ಹೊರಟೀರಿ! ಟೆರಿ ದಾರಿಯಲ್ಲಿ ತಪಾಸಣೆ ಮಾಡಿಸಿಕೊಳ್ಳೆಂದರೆ ಒಲ್ಲೆನೆಂದ; ತನ್ನ ಹುಟ್ಟಿದ ದಿನವೂ ವಿಶ್ರಾಂತಿ ಪಡೆಯಲಿಲ್ಲ. ಅವನ ತ್ಯಾಗವನ್ನು ತೆಗೆದುಕೊಳ್ಳಿರಿ, ಈ ಹಟವನ್ನು ಬಿಡಿರಿ. ಕಾಯವಿದ್ದರೆ ಕಾಯಕ. ದೇಹ ನಮ್ಮ ಸ್ವಂತದ್ದಲ್ಲ, ಸೇವೆಗಾಗಿ ಕೊಟ್ಟದ್ದು. ಅದನ್ನು ಕಾಯುವುದೂ ಒಂದು ಕರ್ತವ್ಯ. ನಮ್ಮ ತಾಯಂದಿರಿಗೆ ಇದನ್ನು ಒತ್ತಿ ಹೇಳುತ್ತೇವೆ. ಗಂಟು ಕಂಡರೆ, ವಾಸಿಯಾಗದ ಹುಣ್ಣು ಕಂಡರೆ, ಬಿಡದ ನೋವಿದ್ದರೆ, ಸುಗ್ಗಿ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಮುಚ್ಚಿಡಬೇಡಿರಿ. ವೈದ್ಯರಿಗೆ ತೋರಿಸಿರಿ. ಮಠಕ್ಕೆ ಹರಕೆ ಆಮೇಲೆ ಬರಲಿ.

ಈಗ ನಾವು ನೀವು ಮಾಡುವುದೇನು? ನಮ್ಮ ಊರುಗಳಿಂದಲೂ ಈ ರೋಗಕ್ಕಾಗಿ ದೊಡ್ಡ ಊರಿನ ಆಸ್ಪತ್ರೆಗಳಿಗೆ ಹೋಗುವವರಿದ್ದಾರೆ. ರೋಗಿ ಒಳಗೆ, ರೋಗಿಯ ತಾಯಿ ಹೊರಗೆ ಕಟ್ಟೆಯ ಮೇಲೆ, ಬುತ್ತಿ ಮುಗಿದ ಗಂಟಿನೊಂದಿಗೆ. ಅವರ ಊಟಕ್ಕೆ, ಬಸ್ಸಿನ ಖರ್ಚಿಗೆ ಒಂದು ನಿಧಿ ಮಾಡಬೇಕೆಂದು ನಮ್ಮ ಮನಸ್ಸಿನಲ್ಲಿದೆ. ಆದರೆ ಇಂದು ನಾವು ನಿಮ್ಮನ್ನು ಏನೂ ಕೇಳುವುದಿಲ್ಲ. ಏಕೆಂದರೆ ನಾವು ಇನ್ನೂ ಕೊಟ್ಟಿಲ್ಲ. ಬರುವ ಸೋಮವಾರದಿಂದ ಬೆಳಗಿನ ಪೂಜೆ ಮುಗಿಸಿ ದಿನಕ್ಕೊಂದು ಹಳ್ಳಿಗೆ ನಡೆದು ಬರುತ್ತೇವೆ. ವಯಸ್ಸಾಗಿದೆ, ಓಡಲಾರೆವು, ನಡೆಯಬಲ್ಲೆವು. ನಮ್ಮ ಕಾಲಿಗೆ ಧೂಳು ಹತ್ತಿದ ಮೇಲೆ ನಿಮ್ಮ ಬಾಗಿಲಿನಲ್ಲಿ ನಿಲ್ಲುತ್ತೇವೆ. ಆಗ ಒಂದು ಮನೆ ನೂರು ಕೊಡುವುದು ಬೇಡ. ನೂರು ಮನೆ ಒಂದೊಂದು ಕೊಡಲಿ. ನಿನ್ನೆ ಪ್ರಶ್ನೆ ಕೇಳಿದ ಹುಡುಗ ಇಂದು ಬೆಳಿಗ್ಗೆ ಬಂದು, "ಅಪ್ಪಾರ, ಜೋಳಿಗಿ ನಾ ಹಿಡೀತೀನಿ" ಎಂದಿದ್ದಾನೆ. ಅವನಿಗೆ ಉತ್ತರ ನಮಗಿಂತ ಮೊದಲೇ ತಿಳಿದಂತೆ ಕಾಣುತ್ತದೆ.

ಕಾಣದವರ ಋಣ ತೀರಿಸುವ ಬುದ್ಧಿಯನ್ನೂ, ದಿನವೂ ಅದನ್ನು ನಡೆಸುವ ಕಸುವನ್ನೂ ಪರಮಾತ್ಮನು ನಮಗೂ ನಿಮಗೂ ಕರುಣಿಸಲೆಂದು ಹಾರೈಸಿ ಇಂದಿನ ಮಾತನ್ನು ಮುಗಿಸುತ್ತೇವೆ.